ತೀರ್ಪಿನ ಮೊದಲ ಪುಟದಲ್ಲಷ್ಟೇ ಹೆಸರು ಮುಚ್ಚಿದರೆ ಸಾಲದು

ಮಾನ್ಯ ಸಂಪಾದಕರೇ,

ನ್ಯಾಯಾಲಯದ ಜಾಲತಾಣಕ್ಕೆ ಏರುವ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳ ತೀರ್ಪಿನ ಮೊದಲ ಪುಟದಲ್ಲಿ ನೊಂದ ಬಾಲಕಿಯ ಹೆಸರು ಈಗ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೊನೆಯ ಪುಟ ತೆರೆದು ನೋಡಿ. ಸಾಕ್ಷಿಗಳ ಪಟ್ಟಿಯಲ್ಲಿ ಪಿ.ಸಾ.2 (ಅಭಿಯೋಜನೆಯ 2ನೇ ಸಾಕ್ಷಿ) ಎಂದು ತಾಯಿಯ ಹೆಸರು, ಮುಂದೆ ಶಾಲೆಯ ಮುಖ್ಯೋಪಾಧ್ಯಾಯರ ಹೆಸರು, ನಿಶಾನೆಗಳ (ಸಾಕ್ಷ್ಯವಾಗಿ ಗುರುತಿಸಿದ ದಾಖಲೆಗಳ) ಪಟ್ಟಿಯಲ್ಲಿ ಶಾಲಾ ದಾಖಲಾತಿಯ ನಕಲು, ಮಹಜರು ನಡೆದ ಓಣಿ ಹಾಗೇ ಉಳಿದಿರುವುದುಂಟು. ಸಣ್ಣ ಊರಿನಲ್ಲಿ ಇಷ್ಟು ಧಾರಾಳವಾಯಿತು. ಆರೋಪಿ ಮಲತಂದೆಯಾಗಿದ್ದರಂತೂ ಆತನ ಹೆಸರೇ ಎಲ್ಲ ಹೇಳಿಬಿಡುತ್ತದೆ.

ಪೋಕ್ಸೊ ಕಾಯ್ದೆಯ ಕಲಂ 33(7)ರ ವಿವರಣೆ ಸ್ಪಷ್ಟವಾಗಿದೆ: ಮಗುವಿನ ಗುರುತು ಎಂದರೆ ಕುಟುಂಬ, ಶಾಲೆ, ಸಂಬಂಧಿಕರು, ನೆರೆಹೊರೆ ಎಲ್ಲವೂ ಸೇರುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 72ರಡಿ 2 ವರ್ಷದವರೆಗೆ ಶಿಕ್ಷೆಯುಂಟು. ಇಂಥ ಪ್ರಕರಣಗಳ ಎಫ್‌ಐಆರ್ ಕೂಡ ಸಾರ್ವಜನಿಕರ ಕೈಗೆ ಹೋಗಬಾರದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. ಕೊರತೆ ಇರುವುದು ಕಾನೂನಿನಲ್ಲಲ್ಲ, ತೀರ್ಪು ಟೈಪಾಗುವ ಮೇಜಿನ ಮೇಲೆ.

ಅಲ್ಲಿ ಆಗುವುದಿಷ್ಟು. ವರ್ಡ್ ಕಡತದಲ್ಲಿ ಹೆಸರಿನ ಮೇಲೆ ಕಪ್ಪು ಬಣ್ಣ ಬಳಿದು ಪಿಡಿಎಫ್ ಮಾಡುತ್ತಾರೆ. ಕಣ್ಣಿಗೆ ಕಪ್ಪು ಪಟ್ಟಿ, ಅಡಿಯಲ್ಲಿ ಅಕ್ಷರ ಹಾಗೇ. ಆಯ್ದು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಹೆಸರು ಹೊರಬರುತ್ತದೆ. ಅಕ್ಷರವನ್ನೇ ಅಳಿಸಿ ‘ಎಕ್ಸ್’ ಎಂದು ಹಾಕಿ, ಆಮೇಲೆ ಪಿಡಿಎಫ್ ಮಾಡಬೇಕು. ಕಡತದ ಹೆಸರು ಮತ್ತು ಪ್ರಾಪರ್ಟೀಸ್‌ನಲ್ಲಿ ಪಕ್ಷಗಾರರ ಹೆಸರು ಉಳಿದಿದೆಯೇ ಎಂದೂ ನೋಡಬೇಕು. ಕನ್ನಡ ತೀರ್ಪುಗಳದ್ದು ಇನ್ನೊಂದು ತೊಡಕು: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತದಲ್ಲಿ ಯೂನಿಕೋಡ್‌ನಲ್ಲಿ ಹೆಸರು ಹುಡುಕಿದರೆ ಏನೂ ಸಿಗದು, ಎಲ್ಲ ಅಳಿದಿದೆ ಎಂದುಕೊಳ್ಳುತ್ತೇವೆ. ಯೂನಿಕೋಡ್ ಕಡತದಲ್ಲೂ ‘ಸುರೇಶ್’ ಎಂದು ಹುಡುಕಿದರೆ ‘ಸುರೇಶನು’ ಸಿಗುವುದಿಲ್ಲ. ಸ್ಕ್ಯಾನ್ ಪ್ರತಿಯನ್ನಂತೂ ಸಾಲು ಸಾಲಾಗಿ ಕಣ್ಣಿನಿಂದಲೇ ಓದಬೇಕು.

ಸಿವಿಲ್ ದಾವೆ, ಅಪಘಾತ ಪರಿಹಾರದ ಅರ್ಜಿಗಳಲ್ಲಿ ಹೊಣೆ ಹೆಚ್ಚಾಗಿ ನಮ್ಮದು, ಅಂದರೆ ವಕೀಲರದು. ವಾದಪತ್ರದಲ್ಲಿ ಪಕ್ಷಗಾರರ ಹೆಸರು, ವಿವರ, ವಾಸಸ್ಥಳ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 1 ಹೇಳುತ್ತದೆ. ಆಧಾರ್ ಸಂಖ್ಯೆ, ಮೊಬೈಲ್, ಬ್ಯಾಂಕ್ ಖಾತೆ ಬರೆಯಿರಿ ಎನ್ನುವುದಿಲ್ಲ. ಆದರೂ ಹಳೆಯ ಕಡತ ತೆರೆದು ಹೆಸರು ಬದಲಿಸುವ ಅಭ್ಯಾಸದಿಂದ ಎಲ್ಲವನ್ನೂ ತುಂಬುತ್ತೇವೆ, ಅದು ಆದೇಶಕ್ಕೂ ಇಳಿಯುತ್ತದೆ. ಗುರುತಿಗೆ ಕೊನೆಯ 4 ಅಂಕಿಯಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಹಾಜರುಪಡಿಸಬಹುದು. ಪರಿಹಾರದ ಹಣಕ್ಕೆ ಬೇಕಾದ ಖಾತೆ ಸಂಖ್ಯೆಯನ್ನು ಪ್ರತ್ಯೇಕ ಮೆಮೊದಲ್ಲಿ ಕೊಟ್ಟು, ಆದೇಶದಲ್ಲಿ ‘ಮೆಮೊದಲ್ಲಿ ತೋರಿಸಿದ ಖಾತೆಗೆ’ ಎಂದಿರುವಂತೆ ಕೋರಿಕೊಳ್ಳಬಹುದು. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 2007ರಿಂದ ಇಂಥ ನಿಯಮವೇ ಇದೆ: ಖಾತೆಯ ಕೊನೆಯ 4 ಅಂಕಿ, ಹುಟ್ಟಿದ ವರ್ಷ ಮಾತ್ರ, ಅಪ್ರಾಪ್ತರಾದರೆ ಹೆಸರಿನ ಮೊದಲಕ್ಷರ. ಮುಚ್ಚುವ ಹೊಣೆ ದಾಖಲೆ ಸಲ್ಲಿಸುವವರದು, ಗುಮಾಸ್ತರದಲ್ಲ.

ಈಗಾಗಲೇ ಜಾಲತಾಣಕ್ಕೆ ಏರಿರುವ ಆದೇಶದ ಬಗ್ಗೆ ಜಾಲತಾಣಕ್ಕೆ ಪತ್ರ ಬರೆದು ಕೂರುವುದಕ್ಕಿಂತ, ಆದೇಶ ಮಾಡಿದ ನ್ಯಾಯಾಲಯದಲ್ಲೇ ಮಧ್ಯಂತರ ಅರ್ಜಿ ಹಾಕಿ. ಯಾವ ಪುಟ, ಯಾವ ಪ್ಯಾರಾ, ಯಾವ ಪದ ಎಂದು ಪಟ್ಟಿ ಕೊಡಿ. ‘ಗುರುತು ಮರೆಮಾಚಬೇಕು’ ಎಂದಷ್ಟೇ ಬೇಡಿದರೆ ಮೊದಲ ಪುಟವೊಂದೇ ಬದಲಾಗುತ್ತದೆ. ನ್ಯಾಯಾಲಯಗಳ ಪ್ರಕರಣ ಮಾಹಿತಿಯ ತಾಣವಾದ ಇ-ಕೋರ್ಟ್ಸ್‌ನಲ್ಲಿ ಪಕ್ಷಗಾರರ ಹೆಸರಿನಿಂದಲೂ ಪ್ರಕರಣ ಹುಡುಕಬಹುದಾದ್ದರಿಂದ ಅಲ್ಲಿನ ಹೆಸರನ್ನೂ ಮರೆಮಾಚುವಂತೆ ಕೇಳಿ. ಆದೇಶ ಸಿಕ್ಕ ಮೇಲೆ, ತೀರ್ಪನ್ನು ನಕಲಿಸಿಕೊಂಡ ಖಾಸಗಿ ತಾಣಗಳಿಗೂ ಸರ್ಚ್ ಎಂಜಿನ್‌ಗಳಿಗೂ ಅದರ ಪ್ರತಿಯನ್ನು ಲಿಂಕ್ ಸಮೇತ ಕಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಇಲ್ಲಿ ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ನ್ಯಾಯಾಲಯಗಳ ನ್ಯಾಯಿಕ ಕೆಲಸಕ್ಕೆ ಅದರ ಬಹುಪಾಲು ಕಟ್ಟುಪಾಡುಗಳಿಂದ ವಿನಾಯಿತಿ ಇದೆ.

ಇದರಿಂದ ಬಹಿರಂಗ ನ್ಯಾಯಾಲಯದ ತತ್ವಕ್ಕೆ ಧಕ್ಕೆಯೆಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ನ್ಯಾಯಾಧೀಶರ ಕಾರಣಗಳನ್ನು ತೂಗಿ ನೋಡಲು ವಿಧವೆಯೊಬ್ಬರ ಖಾತೆ ಸಂಖ್ಯೆ ಯಾರಿಗೂ ಬೇಕಿಲ್ಲ. ನಮ್ಮ ಹೈಕೋರ್ಟ್ 2017ರ ಜನವರಿಯಲ್ಲೇ, ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಸೂಚಿಸಿ, ಆದೇಶದ ದೃಢೀಕೃತ ನಕಲಿನಲ್ಲಿ ಹೆಸರು ಇರುತ್ತದೆ ಎಂದಿತ್ತು. ಕಡತಕ್ಕೊಂದು ಪೂರ್ಣ ಪ್ರತಿ, ಜಾಲತಾಣಕ್ಕೊಂದು ಮುಚ್ಚಿದ ಪ್ರತಿ ಎಂಬ ಪದ್ಧತಿ ಎಲ್ಲ ಕೆಳ ನ್ಯಾಯಾಲಯಗಳಿಗೂ ಬರಲಿ. ಟೈಪ್ ಮಾಡಿದವರಲ್ಲದೆ ಇನ್ನೊಬ್ಬ ಸಿಬ್ಬಂದಿ ಜಾಲತಾಣದ ಪ್ರತಿಯನ್ನು ಸಾಕ್ಷಿ ಪಟ್ಟಿಯವರೆಗೂ ಓದಿ ರುಜು ಹಾಕುವವರೆಗೆ ಪೋಕ್ಸೊ ಮತ್ತು ಕೌಟುಂಬಿಕ ಪ್ರಕರಣಗಳ ಆದೇಶ ಅಪ್‌ಲೋಡ್ ಆಗಬಾರದೆಂದು ಹೈಕೋರ್ಟ್ ಸುತ್ತೋಲೆ ಹೊರಡಿಸಲಿ.

– ಕೆಲವು ವಕೀಲರು, ಧಾರವಾಡ