ಗೆಳತಿಗೊಂದು ಪತ್ರ: ಬಿದ್ದವರ ಪಾಲು

ಪ್ರೀತಿಯ ಸಿಯೋಯಿ ರಾಣಿಗೆ,

ಹ್ಯಾಂಗಿದ್ದಿ? ಬೆಂಗಳೂರಿನ ಮಳಿ ಫೋಟೊ ಹಾಕಿ ನಮ್ಮ ಹೊಟ್ಟಿ ಉರಿಸೋದು ಇನ್ನರೆ ನಿಲ್ಲಿಸು. ಇಲ್ಲಿ ಸಂಜಿ ಆರಾದ್ರೂ ಕಲಬುರಗಿ ಬಿಸಿಲು ಇಳಿಯೋ ಮಾತಿಲ್ಲ. ನಮ್ಮ ಜುಡೊ ಹಾಲ್‌ನ ತಗಡು ಕಾದು ಕೂತಿರ್ತದ, ಮ್ಯಾಟ್ ಮ್ಯಾಲ ಬರಿಗಾಲಿಟ್ರ ಅಂಟ್ತದ. ಇದನ್ನ ಎಲ್ಲಾರೂ ಓದೋ ಜಾಗದಾಗ ಬರೀಲಿಕತ್ತೀನಿ, ಯಾಕಂದ್ರ ನಿನಗೊಬ್ಬಾಕಿಗೇ ಕಳಿಸಿದ್ರ ಒಂದು ಹಾರ್ಟ್ ಒತ್ತಿ ಸುಮ್ಮನಾಗ್ತಿ.

ನಾ ಜುಡೊ ಕಲಿಸೋ ಹುಡುಗಿಯರಿಗೆ ಈಗ ಯಾರ ಕಥಿ ಹೇಳ್ತಿ ಅಂತ ನೀ ಕೇಳಿದ್ದಿಯಲ್ಲ. ನಮ್ಮ ಕಾಲಕ್ಕ ಜಪಾನಿನ ರ್ಯೋಕೊ ತಾನಿ ಇದ್ದಳು. 146 ಸೆಂಟಿಮೀಟರ್ ಎತ್ತರದಾಕಿ, 1992ರಿಂದ 2008ರ ತನಕ ಐದು ಒಲಿಂಪಿಕ್ಸ್, ಐದರಾಗೂ ಪದಕ. ಗಿಡ್ಡ ಇದ್ದವರೆಲ್ಲ ಆಕಿ ಹೆಸರ ಮ್ಯಾಲ ಬದುಕಿದ್ವಿ. ಈಗ ನಾನು ಹೇಳೋದು ಮೈಲಿಂದಾ ಕೆಲ್ಮೆಂದಿ ಕಥಿ. ಯುರೋಪಿನ ಸಣ್ಣ ದೇಶ ಕೊಸೊವೊದ ಪೇಯಾ ಅನ್ನೋ ಊರಿನಾಕಿ, 52 ಕೆ.ಜಿ. ತೂಕದ ವಿಭಾಗದಾಗ ಆಡಿದಾಕಿ. ಇಡೀ ಆ ದೇಶದ ಜನಸಂಖ್ಯೆ ನಮ್ಮ ಕಲಬುರಗಿ ಜಿಲ್ಲೆಗಿಂತ ಕಡಿಮಿ ಅದ ಅಂದಾಗ ಹುಡುಗಿಯರು ಮೊದಲ ಸಲ ಕಣ್ಣು ಅರಳಿಸಿದ್ರು.

ಆಕಿ 1999ರಾಗ, ಕೊಸೊವೊದ ಯುದ್ಧ ಮುಗಿದ ವರ್ಷ, ಎಂಟು ವಯಸ್ಸಿನಾಗ ಜುಡೊ ಸೇರಿದಳು. ಕೋಚ್ ದ್ರಿತೊನ್ ಕುಕಾ. ಆತನೂ ಒಳ್ಳೇ ಆಟಗಾರ. ಕೊಸೊವೊ ಆಗ ಸೇರಿದ್ದ ಯುಗೊಸ್ಲಾವಿಯಾ ಒಡೆದು ಚೂರಾದ ಹೊತ್ತಿನಾಗ ಆತಗ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ತಪ್ಪಿಹೋಯ್ತು. ಅದೇ ಬಾರ್ಸಿಲೋನಾದಾಗ ನೋಡು, ಹೆಂಗಸರ ಜುಡೊಕ್ಕ ಒಲಿಂಪಿಕ್ಸ್‌ನಾಗ ಮೊದಲ ಸಲ ಪದಕ ಕೊಟ್ಟಿದ್ದು. ಗಂಡಸರದು 1964ಕ್ಕೇ ಶುರುವಾಗಿತ್ತು. ತನಗ ತಪ್ಪಿದ ಬಾಗಿಲದಾಗ ಆತ ಹೆಣ್ಣುಮಕ್ಕಳನ್ನ ಕಳಿಸಿದ.

ಹಾದಿ ಮಾತ್ರ ಸಸಾರ ಇರಲಿಲ್ಲ. 2012ರ ಲಂಡನ್ನಿಗೆ ಕೆಲ್ಮೆಂದಿ ಅಲ್ಬೇನಿಯಾದ ಹೆಸರಿನಾಗ ಹೋಗಬೇಕಾಯ್ತು, ಯಾಕಂದ್ರ ಕೊಸೊವೊಕ್ಕ ಒಲಿಂಪಿಕ್ ಸಮಿತಿಯ ಮಾನ್ಯತೆ ಇನ್ನೂ ಸಿಕ್ಕಿರಲಿಲ್ಲ. ಅಲ್ಲಿ ಬ್ಯಾಗನೇ ಸೋತು ಹೊರಗ ಬಂದ್ಲು. ಮರುವರ್ಷ ರಿಯೊದಾಗ ವಿಶ್ವ ಚಾಂಪಿಯನ್ ಆದ್ಲು, ಫೈನಲ್‌ನಾಗ ಬ್ರೆಜಿಲ್‌ನ ಎರಿಕಾ ಮಿರಾಂಡಾಳನ್ನ ಅವರ ಮನಿ ಅಂಗಳದಾಗೇ ಸೋಲಿಸಿ. 2014ರ ವಿಶ್ವ ಚಾಂಪಿಯನ್‌ಶಿಪ್ ರಷ್ಯಾದ ಚೆಲ್ಯಾಬಿನ್ಸ್ಕ್‌ನಾಗ. ಅಲ್ಲಿ ತನ್ನ ದೇಶದ ಬಾವುಟ ಹಿಡಿಯೋ ಹಂಗಿಲ್ಲ, ಅಂತರರಾಷ್ಟ್ರೀಯ ಜುಡೊ ಫೆಡರೇಷನ್ ಬಾವುಟದಡಿ ಆಡಿದ್ಲು. ಅದನ್ನೂ ಗೆದ್ದಳು. ಅದೇ ಡಿಸೆಂಬರ್‌ನಾಗ ಮಾನ್ಯತೆ ಬಂತು. 2016ರಾಗ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಾಗ ಕೊಸೊವೊದ ಬಾವುಟ ಹಿಡಿದಾಕಿ ಆಕೀನೇ, ಇಟಲಿಯ ಒದೆತ್ತೆ ಜುಫ್ರಿದಾಳನ್ನ ಫೈನಲ್‌ನಾಗ ಸೋಲಿಸಿ ಆ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ ತಂದಾಕೀನೂ ಆಕೀನೇ. ಬಂಗಾರದ್ದು.

ಇಲ್ಲೀತನಕ ಹೇಳಿ ನಿಲ್ಲಿಸೋದು ನನ್ನ ರೂಢಿ. ಹುಡುಗಿಯರು ಚಪ್ಪಾಳಿ ತಟ್ಟತಾರ, ಆಮ್ಯಾಲ ಜೋಡಿ ಕಟ್ಟಿ ಆಡೋ ಅಭ್ಯಾಸ, ಅಂದ್ರ ರ‍್ಯಾಂಡೋರಿ ಶುರು. ಹೋದ ವಾರ ಹಂಗಾಗಲಿಲ್ಲ.

ನಮ್ಮಲ್ಲಿ ಒಬ್ಬಾಕಿ ಫರಹತಾಬಾದಿಂದ ಬಸ್ಸಿಗೆ ಬರ್ತಾಳ. ಮಾತು ಕಡಿಮಿ. ನಮ್ಮ ಹಾಲ್‌ನ ದೊಡ್ಡ ಭರವಸೆ ಅನ್ನೋ ಹುಡುಗಿ ಇದ್ದಾಳಲ್ಲ, ಜಿಲ್ಲಾ ಗೆದ್ದಾಕಿ, ಆಕಿಗೆ ಈಕೀನೇ ಪಾರ್ಟ್ನರ್. ತೂಕ ಹೊಂದ್ತದ, ಎತ್ತರ ಹೊಂದ್ತದ, ಮತ್ತ ಬೀಳೋದು ಭಾಳ ಚಂದ ಬೀಳ್ತಾಳ. ಕೈ ಮ್ಯಾಟಿಗೆ ಬಡಿಯೋ ಸಪ್ಪಳ ಒಂದೇ ಅಳತಿ, ಗದ್ದ ಎದಿಗೆ ಅಂಟಿರ್ತದ, ತಲಿ ಎಂದೂ ನೆಲ ಮುಟ್ಟಂಗಿಲ್ಲ. ಬಿದ್ದ ಮ್ಯಾಲ ಎದ್ದು, ಕಾಲರ್ ಎಳಕೊಂಡು, ಬೆಲ್ಟಿನ ಎರಡೂ ತುದಿ ಸಮ ಮಾಡಿ ಮತ್ತ ನಿಂದರ್ತಾಳ. ಅವತ್ತು ಹಂಗ ತುದಿ ಸಮ ಮಾಡ್ತಾ ಕೇಳಿದಳು: "ಮೇಡಂ, ಇವತ್ತೂ ನಾನೇ ಬೀಳ್ಬೇಕೇನ್ರಿ?"

ದೂರಲ್ಲ ಅದು. ನೀರು ಬಂತೇನ್ರಿ ಅಂತ ಕೇಳ್ತಾರಲ್ಲ, ಅಷ್ಟು ಸಾದಾ ಕೇಳಿದ್ಲು. ನನ್ನ ಕಡಿಂದ ಉತ್ತರ ಹೊರಡಲಿಲ್ಲ.

ಅವತ್ತು ರಾತ್ರಿ ಟೋಕಿಯೊ ಒಲಿಂಪಿಕ್ಸ್ ವಿಡಿಯೊ ಮತ್ತ ಹಚ್ಚಿ ಕೂತೆ. 2021ರ ಜುಲೈ. 24ಕ್ಕ ಹೆಂಗಸರ 48 ಕೆ.ಜಿ. ನಮ್ಮ ಮಣಿಪುರದ ಸುಶೀಲಾ ದೇವಿ, ಇಡೀ ಭಾರತದಿಂದ ಹೋಗಿದ್ದ ಒಬ್ಬಳೇ ಜುಡೊ ಆಟಗಾರ್ತಿ, ಹಂಗೇರಿಯ ಚೆರ್ನೊವಿತ್ಸ್ಕಿಗೆ ಮೊದಲ ಸುತ್ತಿನಾಗೇ ಸೋತ ದಿನ ಅದು. ಅದೇ ವಿಭಾಗದ ಬಂಗಾರ ಕೊಸೊವೊದ ದಿಸ್ತ್ರಿಯಾ ಕ್ರಾಸ್ನಿಚಿಗೆ. ಮರುದಿನ 52 ಕೆ.ಜಿ.: ಹಾಲಿ ಒಲಿಂಪಿಕ್ ಚಾಂಪಿಯನ್ ಕೆಲ್ಮೆಂದಿ ಮೊದಲ ಪಂದ್ಯದಾಗೇ ಸೋತ್ಲು. ಅದರ ಮರುದಿನ 57 ಕೆ.ಜಿ.: ಬಂಗಾರ ನೋರಾ ಜ್ಯಾಕೋವಾಗೆ. ಮೂವರೂ ಪೇಯಾದಾಗ ಅದೇ ಕುಕಾನ ಕೈಯಾಗ ತಯಾರಾದವರು. 48, 52, 57, ತೂಕ ಮಗ್ಗಲ ಮಗ್ಗಲ. ಯಾರು ಯಾರ ಕೈಯಾಗ ಎಷ್ಟು ಬಿದ್ದಿರಬೇಕು ಅನ್ನೋದನ್ನ ನಿನಗ ಬಿಡಿಸಿ ಹೇಳಬೇಕಾ?

ಎರಡು ಬಂಗಾರದ ನಡುವ ಕೆಲ್ಮೆಂದಿ ಸೋತ ದಿನ. ನಾನು ಇಷ್ಟು ವರ್ಷ ಆ ದಿನವನ್ನ ಚಾಂಪಿಯನ್ನಿನ ದುಃಖ ಅಂತ ನೋಡಿದ್ದೆ. ಈ ಸಲ ನನಗ ಆಕಿಯ ವೃತ್ತಿಜೀವನದಾಗ ರಿಯೊದ ಬಂಗಾರಕ್ಕಿಂತ ಈ ಮೂರು ದಿನಾನೇ ದೊಡ್ಡವು ಅನಿಸಿದ್ವು. ಆ ಹಾಲ್‌ನಾಗ ಬಿದ್ದವರೂ ಎದ್ದು ತಮ್ಮ ಪಾಲು ತಗೊಂಡ್ರು. ಆಕಿ ಆಮ್ಯಾಲ ಆಟ ಬಿಟ್ಟು ಅಲ್ಲೇ ಕೋಚ್ ಆದ್ಲು. 2024ರ ಪ್ಯಾರಿಸ್‌ನಾಗ ಕ್ರಾಸ್ನಿಚಿಗೆ 52ರಾಗ ಬೆಳ್ಳಿ, ಲಾರಾ ಫಜ್ಲಿಯುಗೆ 63ರಾಗ ಕಂಚು.

ನಮ್ಮ ಕಡೆ ಪಾಲು ಅನ್ನೋದು ಹೊಲಕ್ಕಷ್ಟೇ ಇರ್ತದ. ತೊಗರಿ ರಾಶಿ ಆದಾಗ ಕೂಲಿ ಮಾಡಿದವರಿಗೂ ಒಂದು ಮೊರ ಕಾಳು ಹಾಕ್ತಾರ. ಪದಕದ ರಾಶಿಗೆ ಅಂಥ ಲೆಕ್ಕ ಯಾರೂ ಇಟ್ಟಿಲ್ಲ.

ಈಗ ಹೇಳ್ತೀನಿ, ಹೇಳಬೇಕಂತ ಕೂತಿರಲಿಲ್ಲ. ನೀ ರಾಜ್ಯಮಟ್ಟ ಗೆದ್ದು ಬಂದಾಗ ಪೇಪರ್‌ನಾಗ ನಿನ್ನ ಫೋಟೊ ಬಂತಲ್ಲ, ಶಾಲು ಹೊದ್ದು, ಪದಕ ಹಿಡಿದು. ನಮ್ಮವ್ವ ಅದನ್ನ ಕತ್ತರಿಸಿ ದೇವರ ಜಗಲಿ ಮಗ್ಗಲ ಅಂಟಿಸಿದ್ಲು. ನಿನ್ನ ಗೆಲುವು ನನಗ ಖರೇನೇ ಸಂತೋಷ ಕೊಟ್ಟಿತ್ತು, ಅದರಾಗ ಎರಡು ಮಾತಿಲ್ಲ. ಆದ್ರ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ನಾ ಆ ಫೋಟೊದ ಮುಂದ ನಿಂತಿದ್ದೆ. ಎದುರಿನಾಕೀನ ಹೆಗಲ ಮ್ಯಾಲಿಂದ ಎತ್ತಿ ಒಗೆಯೋ ಆ ಸಿಯೋಯಿ-ನಾಗೆ ಪಟ್ಟು ನಿನಗ ಕೂತಿದ್ದು, ನಿನ್ನ ಪಾರ್ಟ್ನರ್ ಆಗಿ ಬೀಳ್ತಿದ್ದ ನನ್ನ ಬೆನ್ನಿನ ಮ್ಯಾಲ. ನೀ ಎಡಕ್ಕ ಜಾಸ್ತಿ ವಾಲ್ತಿ ಅಂತ ಮೊದಲು ತಿಳಿದಿದ್ದು ಕೋಚಿಗಲ್ಲ, ಗಾಳಿಯಾಗಿದ್ದ ನನಗ. ಆ ಪದಕದಾಗ ನನ್ನ ಪಾಲು ಅದ ಅಂತ ಅವತ್ತು ಅನಿಸಿತ್ತು. ಇವತ್ತಿಗೂ ಅನಿಸ್ತದ. ನೀ ಎಂದೂ ಇಲ್ಲ ಅಂದಾಕಿ ಅಲ್ಲ. ನಾ ಎಂದೂ ಕೇಳಿರಲಿಲ್ಲ, ಅಷ್ಟೇ. ನನಗ ಒಮ್ಮೆರೆ ಬಿಳಿ ಡ್ರೆಸ್ ಹಾಕ್ಕೊಂಡು ದೊಡ್ಡ ಮ್ಯಾಟಿನ ನಡುವ ನನ್ನ ಹೆಸರು ಕೂಗೋದನ್ನ ಕೇಳಬೇಕಿತ್ತು. ಆ ಆಸಿ ಭಾಳ ದೊಡ್ಡದಿತ್ತು ಕಣೆ, ನಿನಗ ಗೊತ್ತಾಗದಂಗ ಇಟ್ಟಿದ್ದೆ.

ಫರಹತಾಬಾದಿನಾಕಿಗೆ ಇಂಥದ್ದು ಒಳಗ ಇಟ್ಕೊಂಡು ಬೆಳೆಯೋ ಗತಿ ಬರಬಾರದು. ಸೋಮವಾರದಿಂದ ಹಾಲ್‌ನಾಗ ಹೊಸ ಪದ್ಧತಿ: ಯಾರು ಎಷ್ಟು ಸಲ ಎತ್ತಿ ಒಗೀತಾರೋ ಅಷ್ಟೇ ಸಲ ಬೀಳಬೇಕು, ಜಿಲ್ಲಾ ಗೆದ್ದಾಕಿ ಇರಲಿ ಯಾರೇ ಇರಲಿ. ಮೊದಲ ದಿನ ಈಕಿ ಎತ್ತಿ ಒಗೆದಾಗ ಇಡೀ ಹಾಲ್ ಒಂದು ಕ್ಷಣ ಗಪ್ಪಾಯ್ತು, ಆಮ್ಯಾಲ ಬಿದ್ದಾಕೀನೇ ಮೊದಲು ನಕ್ಕಳು. ಒಗೆತ ಭಾರಿ ಅದ ಆಕೀದು. ಸೊಂಟ ಕೆಳಗ ಹೋಗೋ ರೀತಿ ನೋಡಿದ್ರ ನಿನ್ನ ನೆನಪಾಗ್ತದ. ಇಷ್ಟು ದಿನ ಬಿದ್ದು ಬಿದ್ದು, ಒಗೆಯೋರು ಎಲ್ಲಿ ಸಡಿಲಾಗ್ತಾರ ಅನ್ನೋದು ಆಕಿಗೆ ಬಾಯಿಪಾಠ ಆಗ್ಯಾದ.

ಸಾಕು, ಅಳಬ್ಯಾಡ. ಪಾಲು ಅಂದ್ನಂತ ಪದಕ ಕತ್ತರಿಸಲಿಕ್ಕ ಕೂಡಬ್ಯಾಡ. ಶರಣಬಸಪ್ಪನ ಜಾತ್ರಿಗೆ ಬಾ, ಮಾಲ್ಪುರಿ ನಿನ್ನ ಲೆಕ್ಕಕ್ಕ, ಸುಸಲಾ ನನ್ನ ಲೆಕ್ಕಕ್ಕ. ಬರುವಾಗ ನಿನ್ನ ಹಳೇ ಡ್ರೆಸ್ ತಗೊಂಡು ಬಾ, ಫರಹತಾಬಾದಿನಾಕಿಗೆ ತೋಳು ಸ್ವಲ್ಪ ಮಡಚಿದ್ರ ಸರಿಯಾಗ್ತದ. ಆಕಿ ಕೈಯಾಗ ನೀನೂ ಒಂದು ಸಲ ಬಿದ್ದು ಹೋಗು.

ಇಂತಿ ನಿನ್ನ,
ಬೆನ್ನು