ಬಿಗ್‌ಫುಟ್ ಹುಡುಕೋರೆಲ್ಲ ಒಂದೇ ಥರದವರಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಲ್ಲಿ ಬಿಗ್‌ಫುಟ್ ಬಗ್ಗೆ, ಅಂದ್ರೆ ಮನುಷ್ಯನ ಹಾಗೆ ಎರಡು ಕಾಲಲ್ಲಿ ನಡೆಯುತ್ತೆ ಅಂತ ಹೇಳೋ ಆ ದೊಡ್ಡ ವಾನರದಂಥ ಪ್ರಾಣಿ ಬಗ್ಗೆ ಬಂದ ಬರಹ ಓದಿದೆ. ಅಮೆರಿಕದ ಕಾಡಲ್ಲಿ ಇಲ್ಲದ ಪ್ರಾಣಿ ಹುಡುಕ್ಕೊಂಡು ಅಲೆಯೋ ತಲೆಕೆಟ್ಟ ಜನ ಅಂತ ಎಲ್ಲರನ್ನೂ ಒಂದೇ ತಕ್ಕಡಿಲಿ ಹಾಕಿ ತೂಗಿದೀರ, ಓದಿ ಎರಡು ದಿನ ಮನಸ್ಸಿಗೆ ಕಸಿವಿಸಿ ಆಯ್ತು, ಅದಕ್ಕೇ ಈ ಪತ್ರ. ಮೊದಲೇ ಹೇಳ್ಬಿಡ್ತೀನಿ, ಬಿಗ್‌ಫುಟ್ ಇದೆ ಅಂತ ನಂಬೋನಲ್ಲ ನಾನು. ಆದ್ರೆ ಕೆಲಸದ ಮೇಲೆ ಮೂರು ವರ್ಷ ವಾಷಿಂಗ್ಟನ್ ರಾಜ್ಯದಲ್ಲಿದ್ದೆ, ಅಲ್ಲಿ ಇಂಥವರ ಪರಿಚಯ ಆಯ್ತು, ನಾಕೈದು ಸಲ ಅವರ ಜೊತೆ ಕಾಡಿಗೂ ಹೋಗಿ ಬಂದೆ. ಹೊರಗಿನವರು ಇವರ ಮೇಲೆ ಮಾಡೋ ಟೀಕೆಗಿಂತ ಹತ್ತು ಪಟ್ಟು ಖಾರವಾದ ಟೀಕೆ ಇವರೊಳಗೇ ನಡೆಯುತ್ತೆ. ಅದು ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ.

2002ಕ್ಕೇ ಎಲ್ಲ ಮುಗೀತು ಅಂತ ಬರೆದಿದೀರ. ಹಾಗಲ್ಲ. 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಹತ್ರ ಕಾಡಲ್ಲಿ ರಸ್ತೆ ಮಾಡ್ತಿದ್ರು, ಅಲ್ಲಿ ಬುಲ್ಡೋಜರ್ ಓಡಿಸ್ತಿದ್ದ ಜೆರ್ರಿ ಕ್ರೂ ಅನ್ನೋರಿಗೆ 16 ಇಂಚಿನ ಹೆಜ್ಜೆ ಗುರುತು ಸಿಕ್ತು, ಅವರು ಪ್ಲಾಸ್ಟರ್ ಅಚ್ಚು ತೆಗೆದ್ರು, ಹಂಬೋಲ್ಟ್ ಟೈಮ್ಸ್ ಪೇಪರಲ್ಲಿ ಸುದ್ದಿ ಬಂತು, ಬಿಗ್‌ಫುಟ್ ಅನ್ನೋ ಹೆಸರು ಊರೆಲ್ಲ ಹರಡಿದ್ದು ಅಲ್ಲಿಂದ. ಆ ಕೆಲಸದ ಕಾಂಟ್ರಾಕ್ಟರ್ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡಾಗ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನ ತೋರಿಸಿ ಇದು ನಮ್ಮಪ್ಪನ ಕೆಲಸ ಅಂದ್ರು. ನೀವು ಬರೆದಿದ್ದು ಇಷ್ಟು, ಇಷ್ಟೂ ಸರಿ. ಆಮೇಲೆ ಹುಡುಕೋರ ನಡುವೆ ಏನಾಯ್ತು ಅನ್ನೋದೇ ನಿಜವಾದ ವಿಷಯ. ಒಂದಷ್ಟು ಜನ ಆ ಮರದ ಪಾದ ನಮ್ಮ ಹತ್ರ ಇರೋ ಅಚ್ಚುಗಳಿಗೆ ಹೊಂದಲ್ಲ, ಬೆರಳಿನ ಆಕಾರ ಬೇರೆ ಅಂತ ಪಟ್ಟು ಹಿಡಿದ್ರು. ಇನ್ನೊಂದಷ್ಟು ಜನ ಅಲ್ಲಪ್ಪ ಇನ್ಮೇಲೆ ಅಲ್ಲಿನ ಹೆಜ್ಜೆ ಗುರುತನ್ನ ಸಾಕ್ಷಿ ಅಂತ ಎಣಿಸೋದೇ ಬೇಡ, ತೆಗೆದು ಪಕ್ಕಕ್ಕಿಡಿ ಅಂದ್ರು. ತಾವೇ ಇಪ್ಪತ್ತು ಮೂವತ್ತು ವರ್ಷ ಜೋಪಾನ ಮಾಡಿದ್ದನ್ನ ಹಾಗೆ ಪಕ್ಕಕ್ಕಿಡೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಯೋಚ್ನೆ ಮಾಡಿ. ಇವರೂ ಅವರೂ ಒಂದೇನಾ?

ಹೆಜ್ಜೆ ಅಚ್ಚಿನದೇ ಇನ್ನೊಂದು ವಿಷಯ. ಕೆಲವು ಅಚ್ಚುಗಳಲ್ಲಿ ಬೆರಳಚ್ಚಿನ ಥರ ಸಣ್ಣ ಸಣ್ಣ ಗೆರೆ ಕಾಣ್ತಿತ್ತು, ಮರದಲ್ಲಿ ಕೆತ್ತಿದ ಪಾದದಲ್ಲಿ ಇಂಥಾ ಗೆರೆ ಎಲ್ಲಿಂದ ಬರುತ್ತೆ ಅಂತ ತುಂಬಾ ಜನ ವಾದ ಮಾಡ್ತಿದ್ರು, ನನಗೂ ಒಂದು ಕಾಲದಲ್ಲಿ ಅದು ಬಲವಾದ ಪಾಯಿಂಟ್ ಅನ್ನಿಸಿತ್ತು. ಆಮೇಲೆ ಒಬ್ಬರು ಸುಮ್ನೆ ಬಾಯಲ್ಲಿ ವಾದ ಮಾಡೋದು ಬಿಟ್ಟು ಒಣಗಿದ ನುಣುಪು ಮಣ್ಣು ತಗೊಂಡು ತಾವೇ ಅಚ್ಚು ಹುಯ್ದು ನೋಡಿದ್ರು, ಮಣ್ಣು ಪ್ಲಾಸ್ಟರಿನ ನೀರನ್ನ ಸರಸರ ಹೀರಿಕೊಳ್ಳುವಾಗ ಅದೇ ಥರ ಗೆರೆ ತಾನಾಗೇ ಮೂಡುತ್ತೆ ಅಂತ ಮಾಡಿ ತೋರಿಸಿದ್ರು. ಅಷ್ಟು ವರ್ಷದ ಚರ್ಚೆಗೆ ಒಂದು ಬಕೆಟ್ ಪ್ಲಾಸ್ಟರ್ ಉತ್ತರ ಕೊಡ್ತು. ಆದ್ರೂ ಕೆಲವರು ಒಪ್ಪಲಿಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು ಎಲ್ಲಾ ಕಡೆ ಇರ್ತಾರೆ.

ಇನ್ನು 1967ರ ಅಕ್ಟೋಬರ್ 20ರ ಆ ಫಿಲ್ಮ್. ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಕುದುರೆ ಮೇಲೆ ಹೋಗ್ತಾ ಅದೇ ಬ್ಲಫ್ ಕ್ರೀಕಲ್ಲಿ ತೆಗೆದಿದ್ದು, ನಡ್ಕೊಂಡು ಹೋಗ್ತಾ ತಿರುಗಿ ನೋಡೋ ಆ ಕಪ್ಪು ಆಕೃತಿ, ನಿಮ್ಮ ಬರಹದ ಜೊತೆ ಹಾಕಿದ್ದೂ ಅದೇ ಚಿತ್ರ. ಒಂದು ನಿಮಿಷದಷ್ಟು ಉದ್ದದ ಈ ತುಣುಕಿನ ಮೇಲೆ ಐವತ್ತು ವರ್ಷಕ್ಕೂ ಮೀರಿ ಜಗಳ ನಡೆದಿದೆ. ಅದರಲ್ಲಿ ಮುಖ್ಯವಾದದ್ದು ಕ್ಯಾಮೆರಾ ಸ್ಪೀಡ್. ಸೆಕೆಂಡಿಗೆ ಎಷ್ಟು ಫ್ರೇಮ್‌ಗೆ ಇಟ್ಟಿದ್ರು ಅಂತ ಪ್ಯಾಟರ್ಸನ್‌ಗೇ ಖಚಿತ ಇರಲಿಲ್ಲ. ಲಂಡನ್ನಿನ ಡಾನ್ ಗ್ರೀವ್ ಅನ್ನೋ ತಜ್ಞರು 1971ರಲ್ಲಿ ಆ ನಡಿಗೆ ಅಳೆದು ನೋಡಿ, 24 ಫ್ರೇಮ್ ಆಗಿದ್ರೆ ಮನುಷ್ಯನೂ ಹೀಗೆ ನಡೀಬಹುದು, 16 ಅಥವಾ 18 ಆಗಿದ್ರೆ ಮನುಷ್ಯನ ನಡಿಗೆಗೆ ಹೊಂದಲ್ಲ ಅನ್ನೋ ಅರ್ಥದಲ್ಲಿ ಬರೆದ್ರು. ಅಂದ್ರೆ ಇಡೀ ವಾದ ನಿಂತಿರೋದು ಯಾರೂ ಬರೆದಿಡದೇ ಹೋದ ಒಂದು ನಂಬರಿನ ಮೇಲೆ. ಪ್ಯಾಟರ್ಸನ್ 1972ರಲ್ಲೇ ತೀರಿಕೊಂಡ್ರು, ಆ ವೇಷ ಹಾಕ್ಕೊಂಡಿದ್ದು ನಾನೇ ಅಂತ ಮುಂದೆ ಒಬ್ಬರು ಹೇಳಿದ್ರು, ಆ ವೇಷ ಮಾತ್ರ ಇವತ್ತಿನ ತನಕ ಯಾರೂ ತಂದು ತೋರಿಸಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಈ ಫಿಲ್ಮ್ ಪರವಾಗಿ ವಾದ ಮಾಡೋರೂ ವಿರೋಧ ಮಾಡೋರೂ ಇಬ್ಬರೂ ಸಮಯ ಕಳೀತಿದಾರೆ, ಪರೀಕ್ಷೆ ಮಾಡೋಕಾಗದ್ದನ್ನ ಎಷ್ಟು ಸಲ ಸ್ಲೋ ಮೋಷನ್ನಲ್ಲಿ ನೋಡಿದ್ರೂ ಅಷ್ಟೇ.

ನನ್ನನ್ನ ತುಂಬಾ ಕಾಡಿದ ಜಗಳ ಅಂದ್ರೆ ಕೊಲ್ಲಬೇಕೋ ಬೇಡವೋ ಅನ್ನೋದು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸ್ಬಹುದು, ಇಲ್ಲದ ಪ್ರಾಣಿಯನ್ನ ಕೊಲ್ಲೋ ಮಾತೇನು ಅಂತ. ಗ್ರೋವರ್ ಕ್ರಾಂಟ್ಜ್ ಅಂತ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಲಿ ಮಾನವಶಾಸ್ತ್ರ ಹೇಳಿಕೊಡ್ತಿದ್ದ ಪ್ರೊಫೆಸರ್, ಇವರು ಇಡೀ ಜೀವನ ಒಂದೇ ಮಾತು ಹೇಳಿದ್ರು, ದೇಹ ತಂದು ಮೇಜಿನ ಮೇಲೆ ಇಡೋ ತನಕ ವಿಜ್ಞಾನ ಒಪ್ಪಲ್ಲ, ಒಂದನ್ನ ಕೊಂದಾದ್ರೂ ಸಾಬೀತು ಮಾಡಿದ್ರೆ ಉಳಿದವನ್ನ ಕಾಪಾಡೋಕೆ ಕಾನೂನು ಬರುತ್ತೆ ಅಂತ. ಪೀಟರ್ ಬೈರ್ನ್ ಇದಕ್ಕೆ ಪೂರ್ತಿ ವಿರುದ್ಧ. ಇವರಿಬ್ಬರು, ಜಾನ್ ಗ್ರೀನ್, ರೆನೆ ದಾಹಿಂಡೆನ್, ಈ ನಾಕು ಜನ ಇಡೀ ಹುಡುಕಾಟಕ್ಕೆ ದೊಡ್ಡ ಹೆಸರುಗಳು, ಆದ್ರೆ ಇವರ ನಡುವೆನೇ ಎಣ್ಣೆ ಸೀಗೆಕಾಯಿ ಸಂಬಂಧ. ವಾಷಿಂಗ್ಟನ್ನಿನ ಸ್ಕಮೇನಿಯಾ ಕೌಂಟಿ ಅಂತೂ 1969ರಲ್ಲೇ ಬಿಗ್‌ಫುಟ್ ಕೊಂದ್ರೆ 10,000 ಡಾಲರ್ ದಂಡ, 5 ವರ್ಷದ ತನಕ ಜೈಲು ಅಂತ ಕಾಯ್ದೆ ಮಾಡ್ತು. ಅದರಲ್ಲಿ ಬೇಟೆಗಾರರ ಗುಂಡಿಗೆ ಮನುಷ್ಯರು ಬಲಿಯಾಗಬಾರದು ಅನ್ನೋ ಕಾಳಜಿನೂ ಇತ್ತು, ಅದು ನಿಜವಾದ ಭಯ. 2012ರಲ್ಲಿ ಮೊಂಟಾನಾದಲ್ಲಿ ಒಬ್ಬ, ಬಿಗ್‌ಫುಟ್ ಬಂತು ಅಂತ ಜನರನ್ನ ನಂಬಿಸೋಕೆ ಎಲೆ ಹುಲ್ಲಿನ ಥರದ ವೇಷ ಹಾಕ್ಕೊಂಡು ರಾತ್ರಿ ಹೈವೇಲಿ ನಿಂತು ಕಾರು ಹೊಡೆದು ಸತ್ತೇಹೋದ. ಕತ್ತಲಲ್ಲಿ ಬಂದೂಕು ಹಿಡಿದವನ ಮುಂದೆ ಆ ಥರ ನಿಂತಿದ್ರೆ? ನಾನು ಕೊಲ್ಲಬಾರದು ಅನ್ನೋರ ಕಡೆ. ಇವತ್ತು ನಾಕು ಕೂದಲು ಸಾಕು ಡಿಎನ್‌ಎಗೆ, ದೇಹ ಬೇಕು ಅನ್ನೋ ಹಠ ಕ್ರಾಂಟ್ಜ್ ಕಾಲಕ್ಕೆ ಸರಿ ಇರಬಹುದು ಈಗ ಅಲ್ಲ. ಆದ್ರೂ ಆ ಮನುಷ್ಯನ ಬಗ್ಗೆ ನನಗೆ ಗೌರವ ಇದೆ. ದೇಹವೇ ಸಾಕ್ಷಿ ಅಂತ ಹೇಳ್ತಾ ಬಂದವರು ಸತ್ತಮೇಲೆ ತಮ್ಮ ದೇಹವನ್ನೇ ವಿಜ್ಞಾನಕ್ಕೆ ಕೊಟ್ರು, ಅವರ ಮೂಳೆ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಅವರ ನಾಯಿ ಮೂಳೆ ಜೊತೆ ಇದೆ.

ಇನ್ನೊಂದು ಒಡಕು ಇದೆ, ಇದು ಇನ್ನೂ ಆಳ. ಒಂದು ಗುಂಪಿಗೆ ಬಿಗ್‌ಫುಟ್ ಅಂದ್ರೆ ರಕ್ತ ಮಾಂಸದ ಒಂದು ದೊಡ್ಡ ವಾನರ. ಇನ್ನೊಂದು ಗುಂಪಿಗೆ ಅದು ಮಾಯ ಆಗುತ್ತೆ, ಮನಸ್ಸಲ್ಲೇ ಮಾತಾಡುತ್ತೆ, ಬೇರೆ ಲೋಕದಿಂದ ಬಂದು ಹೋಗುತ್ತೆ, ಅದಕ್ಕೇ ಕ್ಯಾಮೆರಾಗೆ ಸಿಗಲ್ಲ. ಈ ಎರಡನೇ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಸಿಕ್ಕಿದ್ರೂ ಸಾಕ್ಷಿ ಸಿಗದಿದ್ರೂ ಸಾಕ್ಷಿ ಅಂದ್ಮೇಲೆ ಹುಡುಕೋದು ಯಾಕೆ? ಇದಕ್ಕೆ ಸಮರ್ಥನೆಗೆ ಅಲ್ಲಿನ ಮೂಲನಿವಾಸಿಗಳ ಕಥೆಗಳನ್ನ ಎಳ್ಕೊಂಡು ಬರ್ತಾರೆ, ಅದು ಇನ್ನೂ ತಪ್ಪು. ಬಿಗ್‌ಫುಟ್‌ಗಿರೋ ಇನ್ನೊಂದು ಹೆಸರು ಸಾಸ್ಕ್ವಾಚ್, ಆ ಪದ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಹಾಲ್ಕೊಮೆಲೆಮ್ ಭಾಷೆಯದ್ದು, ಜೆ. ಡಬ್ಲ್ಯು. ಬರ್ನ್ಸ್ ಅನ್ನೋ ಶಾಲಾ ಮೇಷ್ಟ್ರು 1920ರ ದಶಕದಲ್ಲಿ ಅದನ್ನ ಇಂಗ್ಲಿಷ್ ಬಾಯಿಗೆ ಹೊಂದೋ ಹಾಗೆ ಮಾಡಿ ಬರೆದ್ರು. ಆ ಜನರಿಗೆ ಅದು ಅವರ ನೆಲದ, ಅವರ ಹಿರಿಯರ ನಂಬಿಕೆ. ಅದನ್ನ ವಾನರ ಅಂತ ಸಾಬೀತು ಮಾಡೋಕೂ ಬಳಸಬಾರದು, ಬೇರೆ ಲೋಕದ ಜೀವಿ ಅಂತ ಮಾರೋಕೂ ಬಳಸಬಾರದು.

ಕೂದಲಿನ ವಿಷಯಕ್ಕೆ ಬರ್ತೀನಿ. ಪೀಟರ್ ಬೈರ್ನ್ 1976ರಲ್ಲಿ ಒಂದಷ್ಟು ಕೂದಲು ಪರೀಕ್ಷೆಗೆ ಅಂತ ಎಫ್‌ಬಿಐಗೆ ಕಳಿಸಿದ್ರು, ಮುಂದಿನ ವರ್ಷ ಬಂದ ತೀರ್ಮಾನ ಅದು ಜಿಂಕೆ ಜಾತಿಯದ್ದು ಅಂತ, ಆ ಫೈಲನ್ನ ಎಫ್‌ಬಿಐ 2019ರಲ್ಲಿ ಎಲ್ಲರಿಗೂ ತೆರೆದು ತೋರಿಸ್ತು. ಆಮೇಲೆ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್, ಯಾರ ಹತ್ರ ಬಿಗ್‌ಫುಟ್ ಯೇತಿ ಕೂದಲು ಇದ್ಯೋ ಕಳಿಸಿ ಅಂತ ಕರೆ ಕೊಟ್ಟು, 2014ರಲ್ಲಿ 30 ಸ್ಯಾಂಪಲ್ಲಿನ ಡಿಎನ್‌ಎ ಫಲಿತಾಂಶ ಕೊಟ್ರು. ಕರಡಿ, ಕುದುರೆ, ಹಸು, ತೋಳ ಅಥವಾ ನಾಯಿ, ಮುಳ್ಳುಹಂದಿ, ಒಂದು ಮನುಷ್ಯಂದು. ಗೊತ್ತಿಲ್ಲದ ವಾನರ ಒಂದೂ ಇಲ್ಲ. ಹಿಮಾಲಯದ ಎರಡು ಸ್ಯಾಂಪಲ್ ಪುರಾತನ ಹಿಮಕರಡಿಗೆ ಹೋಲುತ್ತೆ ಅಂತ ಸೈಕ್ಸ್ ಹೇಳಿದ್ದು ತಪ್ಪು, ಅದು ಹಿಮಾಲಯದ ಕಂದು ಕರಡಿ ಅಂತ ಬೇರೆ ವಿಜ್ಞಾನಿಗಳು ತಿದ್ದಿದ್ರು. ಇಲ್ಲಿ ಸ್ಯಾಂಪಲ್ ಕೊಟ್ಟವರನ್ನ ನೋಡಿ. ಎಷ್ಟೋ ವರ್ಷ ಡಬ್ಬಿಲಿ ಜೋಪಾನವಾಗಿಟ್ಟ ಕೂದಲು, ಕರಡಿದು ಅಂತ ಬಂದ್ರೆ ಬರ್ಲಿ ಅಂತ ಕೊಟ್ರಲ್ಲ, ಅವರೂ ಬಿಗ್‌ಫುಟ್ ಹುಡುಕೋರೇ.

ನಾನು ಯಾಕೆ ನಂಬಲ್ಲ ಅಂದ್ರೆ ಕಾರಣ ಸರಳ. ಹುಡುಕೋರು ಯಾವಾಗ್ಲೂ ಸಾವೋಲಾ ಉದಾಹರಣೆ ಕೊಡ್ತಾರೆ, ವಿಯೆಟ್ನಾಮಿನ ಕಾಡಿನ, ಉದ್ದ ಕೊಂಬಿನ ಅಷ್ಟು ದೊಡ್ಡ ಪ್ರಾಣಿ 1992ರ ತನಕ ವಿಜ್ಞಾನಕ್ಕೆ ಗೊತ್ತಿರಲಿಲ್ಲ ನೋಡಿ ಅಂತ. ಸರಿ, ಆದ್ರೆ ಅದು ಗೊತ್ತಾಗಿದ್ದೇ ಅಲ್ಲಿನ ಬೇಟೆಗಾರರ ಮನೆಲಿದ್ದ ಕೊಂಬಿನಿಂದ. ನಾನು ಅವರಿಗೆ ವಾಪಸ್ ಹೇಳ್ತಿದ್ದ ಉದಾಹರಣೆ ವುಲ್ವರೀನ್. ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದಿಂದ ಈಚೆಗೆ ಖಚಿತ ದಾಖಲೆ ಇಲ್ಲದ ಪ್ರಾಣಿ, 2008ರಲ್ಲಿ ಟಾಹೋ ಕಾಡಲ್ಲಿ ಮಾರ್ಟೆನ್ ಅನ್ನೋ ಬೇರೆ ಪ್ರಾಣಿಗೆ ಅಂತ ಕಟ್ಟಿದ್ದ ಕ್ಯಾಮೆರಾಗೆ ಬಂದು ಸಿಕ್ಕಿಬಿತ್ತು, ಆಮೇಲೆ ಕೂದಲು ಮಲ ಎಲ್ಲ ಸಿಕ್ಕಿ ರಾಕಿ ಪರ್ವತದ ಕಡೆಯಿಂದ ಬಂದ ಗಂಡು ಅನ್ನೋದೂ ಡಿಎನ್‌ಎಯಿಂದ ತಿಳೀತು. ಒಂದೇ ಒಂದು ಪ್ರಾಣಿ, ಅದೂ ನಾಯಿಯಷ್ಟು ದೊಡ್ಡದು, ಯಾರೂ ಹುಡುಕದೇ ಸಿಕ್ತು. ಎಂಟಡಿ ಎತ್ತರದ ಪ್ರಾಣಿಗಳು ಮರಿ ಹಾಕಿ ಬಾಳೋವಷ್ಟು ಸಂಖ್ಯೆಲಿದ್ರೆ ಒಂದು ಹಲ್ಲಾದ್ರೂ ಬೇಡ್ವಾ. 2024ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಕಪ್ಪು ಕರಡಿ ಜಾಸ್ತಿ ಇರೋ ಕಡೆ ಬಿಗ್‌ಫುಟ್ ಕಂಡೆ ಅನ್ನೋ ವರದಿನೂ ಜಾಸ್ತಿ. ಕರಡಿ ಎರಡು ಕಾಲಲ್ಲಿ ಎದ್ದು ನಿಂತಾಗ ಮಬ್ಬಲ್ಲಿ ಹೇಗೆ ಕಾಣುತ್ತೆ ಅಂತ ನಾನೇ ಒಂದು ಸಲ ನೋಡಿದೀನಿ, ಎದೆ ಧಸಕ್ ಅಂದಿತ್ತು, ಹಾಗಾಗಿ ಕಂಡೆ ಅನ್ನೋರು ಸುಳ್ಳು ಹೇಳ್ತಾರೆ ಅಂತ ನಾನು ಯಾವತ್ತೂ ಅನ್ನಲ್ಲ.

ಗಿಫರ್ಡ್ ಪಿಂಚೊ ಕಾಡಿಗೆ ಒಂದು ರಾತ್ರಿ ಆರು ಜನ ಹೋಗಿದ್ವಿ. 2000ದಲ್ಲಿ ಕೆಸರಲ್ಲಿ ಬಿಗ್‌ಫುಟ್ ಮಲಗಿದ ಅಚ್ಚು ಸಿಕ್ತು ಅಂತ ದೊಡ್ಡ ಸುದ್ದಿ ಆಗಿದ್ದು ಅದೇ ಕಾಡಲ್ಲಿ, ಅದು ಎಲ್ಕ್ ಜಿಂಕೆ ಮಲಗಿದ ಗುರುತು ಅನ್ನೋರ ಮಾತೇ ನನಗೆ ಸರಿ ಅನ್ಸುತ್ತೆ. ಮಧ್ಯರಾತ್ರಿ ಆದ್ಮೇಲೆ ದೂರದಲ್ಲಿ ಮರಕ್ಕೆ ಮರ ಬಡಿದ ಹಾಗೆ ಮೂರು ಸಲ ಸದ್ದು ಬಂತು. ಬಿಗ್‌ಫುಟ್‌ಗಳು ಹೀಗೆ ಮರ ಬಡಿದು ಒಂದಕ್ಕೊಂದು ಸುಳಿವು ಕೊಡ್ತವೆ ಅಂತ ಇವರಲ್ಲಿ ಒಂದು ನಂಬಿಕೆ ಇದೆ. ಒಬ್ಬರಿಗೆ ಖುಷಿಯಿಂದ ಕಣ್ಣಲ್ಲಿ ನೀರು ಬಂತು, ಇನ್ನೊಬ್ಬರು ಕೊಂಬೆ ಮುರಿದಿದ್ದು ಅಂದ್ರು, ಪಕ್ಕದ ಕಣಿವೇಲಿ ಬೇರೆ ಹುಡುಕೋರೇ ಬಡೀತಿರಬಹುದು ಅಂತ ಮತ್ತೊಬ್ಬರು. ನಮ್ಮನ್ನ ಕರ್ಕೊಂಡು ಹೋಗಿದ್ದ ಹಿರಿಯರು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋರು, ಟಾರ್ಚ್ ಬೆಳಕಲ್ಲಿ ನೋಟ್‌ಬುಕ್ ತೆಗೆದು ಟೈಮು, ಗಾಳಿ ಯಾವ ಕಡೆಯಿಂದ ಬೀಸ್ತಿದೆ, ಎಷ್ಟು ದೂರ ಅಂತ ಎಲ್ಲ ಬರೆದು ಕಾರಣ ಅನ್ನೋ ಜಾಗದಲ್ಲಿ ಗೊತ್ತಿಲ್ಲ ಅಂತ ಬರೆದ್ರು. ಹಿಂದಿನ ಪುಟಗಳನ್ನ ತಿರುಗಿಸಿ ತೋರಿಸಿದ್ರು, ಗೂಬೆ, ಕರಡಿ, ಗೊತ್ತಿಲ್ಲ, ಮರ ಬಿದ್ದಿದ್ದು, ಗೊತ್ತಿಲ್ಲ, ಎಲ್ಕ್. ಬಿಗ್‌ಫುಟ್ ಅಂತ ಒಂದು ಕಡೆನೂ ಇರಲಿಲ್ಲ.

ಸಂಪಾದಕರೇ, 2008ರಲ್ಲಿ ಜಾರ್ಜಿಯಾದ ಇಬ್ಬರು ಫ್ರೀಜರಲ್ಲಿ ಬಿಗ್‌ಫುಟ್ ಹೆಣ ಇದೆ ಅಂದಾಗ ಪ್ರೆಸ್ ಮೀಟ್‌ಗೆ ಓಡಿ ಹೋಗಿ ದೇಶ ದೇಶಕ್ಕೆ ಸುದ್ದಿ ಮಾಡಿದ್ದು ಮಾಧ್ಯಮದೋರು. ಐಸ್ ಕರಗಿಸ್ತಾ ಪಾದ ಮುಟ್ಟಿ ನೋಡಿ ಇದು ರಬ್ಬರ್ ಅಂತ ಹೇಳಿದ್ದು ಒಬ್ಬ ಬಿಗ್‌ಫುಟ್ ಹುಡುಕೋನು. ನಿಮ್ಮ ಬರಹದಲ್ಲಿ ಆ ಫ್ರೀಜರ್ ಕಥೆ ಅರ್ಧ ಕಾಲಂ ಇದೆ, ಈ ಕೊನೇ ಸಾಲು ಮಾತ್ರ ಇಲ್ಲ. ಅದನ್ನ ಸೇರಿಸಿ ಒಂದು ತಿದ್ದುಪಡಿ ಹಾಕಿ, ಮುಂದೆ 1967ರ ಆ ಚಿತ್ರ ಹಾಕೋವಾಗ ಕೆಳಗೆ ಕ್ಯಾಮೆರಾ ಸ್ಪೀಡಿನ ವಿಷಯಾನೂ ಒಂದು ಸಾಲು ಬರೀರಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಬಹಳ ವರ್ಷದ ಓದುಗ