ನಿನ್ನ ಮನೆ ಮುಂದಿನ ಗೋಡೆ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆ.

ನಿನ್ನ ಮೆಸೇಜನ್ನು ಮೂರು ಸಲ ಓದಿದೆ. ಹೊಲದ ಹಂಚಿಕೆ ಮಾತು ಬಂದಾಗ ಅಣ್ಣನ ಮೇಲೆ ಕೂಗಾಡಿದ್ದು, ಅತ್ತಿಗೆಯ ಎದುರಿಗೇ ಆಡಬಾರದ ಮಾತು ಆಡಿದ್ದು, ಆಮೇಲೆ ಬೈಕ್ ಹತ್ತಿ ಊರ ಹೊರಗೆ ಹೋಗಿ ಒಬ್ಬನೇ ಅತ್ತಿದ್ದು. "ಇಷ್ಟು ವರ್ಷದಿಂದ ಪ್ರಾರ್ಥನೆ ಮಾಡ್ತಿದ್ದೀನಿ, ಸಿಟ್ಟು ಮಾತ್ರ ಹಾಗೇ ಇದೆ. ನನ್ನ ನಂಬಿಕೆಯೇ ಸುಳ್ಳೇನೋ" ಅಂತ ಕೊನೆಗೆ ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡದೆ ಮಲಗಲು ಮನಸ್ಸಾಗಲಿಲ್ಲ. ಇದೇ ಕಷ್ಟದಲ್ಲಿರುವ ಬೇರೆಯವರೂ ಓದಲಿ ಅಂತ ನೀನೇ ಹೇಳಿದ್ದಕ್ಕೆ, ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ನಿನ್ನ ನಂಬಿಕೆ ಸುಳ್ಳಲ್ಲ. ಮೊದಲು ನನ್ನ ಮನೆಯ ಮಾತು ಕೇಳು.

ಕಳೆದ ಮಳೆಗಾಲದ ಒಂದು ಸಂಜೆ. ಮಳೆಗೆ ಲೋಕಲ್ ಗಾಡಿಗಳೆಲ್ಲ ತಡ. ದಾದರಿನಿಂದ ನಿಂತೇ ಬಂದೆ. ಒದ್ದೆ ಛತ್ರಿ, ಒದ್ದೆ ಶೂ, ಹೊಟ್ಟೆ ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಆಫೀಸಿನಲ್ಲಿ ಕೇಳಿಸಿಕೊಂಡ ಮಾತು ಬೇರೆ ತಲೆಯಲ್ಲಿ ಸುತ್ತುತ್ತಿತ್ತು. ಮನೆಯೊಳಗೆ ಕಾಲಿಟ್ಟರೆ ಮಗನ ಬಣ್ಣದ ಪೆನ್ಸಿಲ್‌ಗಳು ನೆಲದ ತುಂಬ. ಒಂದನ್ನು ತುಳಿದು ಜಾರಿದೆ. ಬೀಳಲಿಲ್ಲ. ಆದರೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವಷ್ಟು ಜೋರಾಗಿ ಕೂಗಿದೆ.

ಅವನಿಗೆ ಒಂಬತ್ತು ವರ್ಷ. ಅಳಲಿಲ್ಲ. ಸುಮ್ನೆ ಕೂತು ಒಂದೊಂದೇ ಪೆನ್ಸಿಲ್ ಎತ್ತಿ ಡಬ್ಬಿಯೊಳಗೆ ಇಡತೊಡಗಿದ. ಹಳದಿ ಪಕ್ಕ ಕೇಸರಿ, ಕೇಸರಿ ಪಕ್ಕ ಕೆಂಪು, ಹೊಸದು ತಂದಾಗ ಹೇಗಿತ್ತೋ ಹಾಗೆ. ಕೈ ನಡುಗುತ್ತಿತ್ತು. ನಾನು ತುಳಿದ ಹಸಿರು ಪೆನ್ಸಿಲ್ ಎರಡು ತುಂಡಾಗಿತ್ತು. ಆ ಎರಡು ತುಂಡನ್ನೂ ಜೋಡಿಸಿ ಅದರ ಜಾಗದಲ್ಲೇ ಇಟ್ಟ. ಅವನು ಬಿಡಿಸುತ್ತಿದ್ದದ್ದು ಸಂಡೇ ಸ್ಕೂಲಿಗೆ ಒಂದು ದ್ರಾಕ್ಷಿ ಬಳ್ಳಿ. ಎಲೆಗಳಿಗೆ ಅರ್ಧ ಮಾತ್ರ ಬಣ್ಣ ತುಂಬಿತ್ತು.

ಆ ರಾತ್ರಿ ನಾನೂ ನಿನ್ನ ಹಾಗೇ ಕೇಳಿಕೊಂಡೆ, ನಾನೆಂಥ ವಿಶ್ವಾಸಿ ಅಂತ.

ಡಿಸೆಂಬರಿನಲ್ಲಿ ನಮ್ಮ ಸಭೆಯ ಯುವಕರನ್ನು ಕರೆದುಕೊಂಡು ಮುಂಬೈ ಹತ್ತಿರದ ವಸಾಯಿ ಕೋಟೆ ನೋಡಲು ಹೋಗಿದ್ದೆವು. ಪೋರ್ಚುಗೀಸರು ಇನ್ನೂರು ವರ್ಷ ಕೂತಿದ್ದ ಕೋಟೆ ಅದು. ಒಳಗೆ ಛಾವಣಿ ಇಲ್ಲದ ಚರ್ಚುಗಳು, ಬೇರು ಬಿಟ್ಟ ಆಲ, ಗೋಡೆ ಸಂದಿಯಲ್ಲಿ ಪಾರಿವಾಳ. 1739ರಲ್ಲಿ ಚಿಮಾಜಿ ಅಪ್ಪಾನ ಮರಾಠಾ ಸೈನ್ಯ ಬುರುಜಿನ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿತು. ಕೋಟೆಯ ಗೋಡೆಯ ಬಹುಪಾಲು ಇವತ್ತಿಗೂ ನಿಂತಿದೆ ನೋಡು. ಸುತ್ತಲೂ ನಡೆದರೆ ಎಂಥ ಗಟ್ಟಿ ಗೋಡೆ ಅನಿಸುತ್ತದೆ. ಆದರೆ ಒಂದು ಕಡೆ ಬಾಯಿ ಬಿಟ್ಟಿತು, ಕೋಟೆ ಕೈತಪ್ಪಲು ಅಷ್ಟೇ ಸಾಕಾಯಿತು.

ಅಲ್ಲಿ ನಿಂತಾಗ ಜ್ಞಾನೋಕ್ತಿ 25:28 ನೆನಪಾಯಿತು. ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳದವನು ಗೋಡೆ ಬಿದ್ದ ಊರಿನ ಹಾಗೆ ಅನ್ನುತ್ತದಲ್ಲ ಆ ವಚನ. ನಿನ್ನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಕುಡಿತ ಇಲ್ಲ, ದುಡ್ಡಿನಲ್ಲಿ ಮೋಸ ಇಲ್ಲ, ಅವ್ವನನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆ. ಗೋಡೆಯ ಉಳಿದ ಭಾಗವೆಲ್ಲ ಗಟ್ಟಿ ಇದೆ. ನಿನಗೂ ನನಗೂ ಬಿರುಕು ಇರುವುದು ಒಂದೇ ಕಡೆ, ಬಾಯಿಯ ಹತ್ತಿರ. ಅದು ಎಲ್ಲಿದೆ ಅಂತ ಗೊತ್ತಿದೆ ಅಂದಮೇಲೆ ದುರಸ್ತಿ ಮಾಡಬಹುದು, ಅಲ್ವಾ?

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ನಾವೆಲ್ಲ ಬರೀ ಹೆಸರುಗಳ ಪಟ್ಟಿ ಅಂತ ದಾಟಿಸಿಬಿಡುತ್ತೇವೆ. ಈ ಸಲ ನಿಧಾನವಾಗಿ ಓದು. ಯೆರೂಸಲೇಮಿನ ಬಿದ್ದ ಗೋಡೆ ಕಟ್ಟುವಾಗ ಎಷ್ಟೋ ಜನ ಕಟ್ಟಿದ್ದು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು. ಇಡೀ ಊರಿನ ಗೋಡೆಯನ್ನು ಯಾರೂ ಒಬ್ಬನೇ ಹೊತ್ತುಕೊಳ್ಳಲಿಲ್ಲ. 52 ದಿನಗಳಲ್ಲಿ ಕೆಲಸ ಮುಗಿಯಿತು. ಕಟ್ಟುವಾಗ ಹಗಲೂ ರಾತ್ರಿಯೂ ಕಾವಲು ಇತ್ತು.

ಹಾಗಾಗಿ ನಾನೂ ನನ್ನ ಮನೆ ಮುಂದಿನಿಂದ ಶುರು ಮಾಡಿದೆ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇದೆಯಲ್ಲ, ಅಲ್ಲಿ ಶೂ ಬಿಚ್ಚಿ ಒಂದು ನಿಮಿಷ ನಿಲ್ಲುತ್ತೇನೆ. ಬೆಲ್ ಒತ್ತುವುದಿಲ್ಲ. ಕೀರ್ತನೆ 141ರ ಮೂರನೆಯ ವಚನ, ನನ್ನ ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಎಂಬ ಬೇಡಿಕೆ, ಅದನ್ನು ಹೇಳಿಕೊಳ್ಳುತ್ತೇನೆ. ಆಫೀಸಿನ ಮಾತನ್ನು ಅಲ್ಲೇ ದೇವರ ಕೈಗೆ ಕೊಟ್ಟು ಆಮೇಲೆ ಒಳಗೆ ಹೋಗುತ್ತೇನೆ. ಮೊದಲೆಲ್ಲ ನಾನು ಪ್ರಾರ್ಥನೆ ಮಾಡುತ್ತಿದ್ದದ್ದು ಕೂಗಾಡಿದ ಮೇಲೆ, ಕ್ಷಮಿಸು ಅಂತ. ಈಗ ಮುಂಚೆಯೇ ಕೇಳುತ್ತೇನೆ. ಈ ಒಂದು ಬದಲಾವಣೆ ನನಗೆ ತುಂಬ ಕೊಟ್ಟಿದೆ.

ಗೆತ್ಸೇಮನೆ ತೋಟದಲ್ಲಿ ಪೇತ್ರನೂ ಹಾಗೇ ಅಲ್ಲವೇ? ಎಚ್ಚರವಾಗಿದ್ದು ಪ್ರಾರ್ಥಿಸಿರಿ ಅಂತ ಯೇಸು ಹೇಳಿದಾಗ ನಿದ್ದೆ ಹೋದ. ಎದ್ದವನೇ ಕತ್ತಿ ಎಳೆದು, ಯೇಸುವನ್ನು ಹಿಡಿಯಲು ಬಂದವರಲ್ಲಿದ್ದ ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದ. ದಣಿವು, ಹೆದರಿಕೆ, ಪ್ರಾರ್ಥನೆ ಇಲ್ಲದ ಹೊತ್ತು. ನಿನ್ನ ಜಗಳವೂ ರಾತ್ರಿ ಒಂಬತ್ತರ ಮೇಲೆ, ಊಟಕ್ಕೆ ಮುಂಚೆ ಆದದ್ದು ಅಂತ ಬರೆದಿದ್ದೀಯ. ಆ ಹೊತ್ತಿನಲ್ಲಿ ಹೊಲದ ಮಾತು ಎತ್ತಲೇಬೇಡ. ಅದೇ ಪೇತ್ರ ಮುಂದೆ ತನ್ನ ಎರಡನೆಯ ಪತ್ರದಲ್ಲಿ ಜ್ಞಾನಕ್ಕೆ ದಮೆಯನ್ನು ಕೂಡಿಸಿರಿ, ದಮೆಗೆ ತಾಳ್ಮೆಯನ್ನು ಕೂಡಿಸಿರಿ ಅಂತ ಬರೆದ. ದಮೆ ಅಂದರೆ ತನ್ನ ಮೇಲೆ ತನಗಿರುವ ಹಿಡಿತ. ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವ ಆತ್ಮನ ಫಲದ ಪಟ್ಟಿ ಪ್ರೀತಿಯಿಂದ ಶುರುವಾಗುತ್ತದೆ. ನಮ್ಮ ಸತ್ಯವೇದದ ಹಳೆಯ ಕನ್ನಡ ಅನುವಾದದಲ್ಲಿ ಅದರ ಕೊನೆಯ ಮಾತು ಶಮೆದಮೆ, ಅದೇ ಹಿಡಿತ. ಫಲ ಅಂತಾನೆ. ಮಾವಿನ ಗಿಡ ನೆಟ್ಟ ವರ್ಷವೇ ಕಾಯಿ ಬಿಡಲಿಲ್ಲ ಅಂತ ನಿಮ್ಮ ಅಪ್ಪ ಯಾವತ್ತಾದರೂ ಕಿತ್ತೆಸೆದಿದ್ದಾರಾ? ಹಲ್ಲು ಕಚ್ಚಿ ಸಿಟ್ಟು ತಡೆಯುವುದು ನನ್ನ ಕೈಲಿ ಎರಡು ದಿನ ಆಯಿತು, ಮೂರನೆಯ ದಿನ ಇನ್ನೂ ಜಾಸ್ತಿ ಸಿಡಿಯಿತು. ನಾನು ದ್ರಾಕ್ಷಿ ಬಳ್ಳಿ, ನೀವು ಕೊಂಬೆಗಳು ಅಂತ ಯೇಸು ಹೇಳಿದನಲ್ಲ, ಬಳ್ಳಿಗೆ ಅಂಟಿಕೊಂಡಿದ್ದರೆ ಮಾತ್ರ ಕೊಂಬೆಗೆ ರಸ ಬರುತ್ತದೆ. ಆ ಚಪ್ಪಲಿ ಸ್ಟ್ಯಾಂಡಿನ ಹತ್ತಿರದ ಒಂದು ನಿಮಿಷ ನನಗೆ ಅಂಟಿಕೊಳ್ಳುವ ಹೊತ್ತು.

ಈಗಲೂ ತಪ್ಪುತ್ತೇನೆ. ಹೋದ ಗುರುವಾರ ಫೋನಿನಲ್ಲಿ ಮಾತಾಡುತ್ತಾ ನಿಲ್ಲದೆ ಒಳಗೆ ಹೋದೆ, ಮನೆಯವಳ ಮೇಲೆ ರೇಗಿದೆ. ಊಟಕ್ಕೆ ಕೂರುವ ಮುಂಚೆ ಅವಳ ಹತ್ತಿರ ಕ್ಷಮೆ ಕೇಳಿದೆ, ಮಗನ ಎದುರಿಗೇ.

ನೀನೂ ಅಣ್ಣನ ಹತ್ತಿರ ಹೋಗು. ನಿನ್ನ ಪಾಲು ಬಿಟ್ಟುಕೊಡು ಅಂತ ನಾನು ಹೇಳುವುದಿಲ್ಲ, ನ್ಯಾಯ ನ್ಯಾಯವೇ. ಅದನ್ನು ಹಿರಿಯರನ್ನು ಕೂರಿಸಿಕೊಂಡು ಬೇರೆ ದಿನ ಮಾತಾಡಿ. ಈ ಸಲ ಆಡಿದ ಮಾತಿಗೆ ಮಾತ್ರ ಕ್ಷಮೆ ಕೇಳು. ಅತ್ತಿಗೆಗೂ ಹೇಳು.

ಹೋಗುವ ದಿನ ಅವರ ಓಣಿಯ ತುದಿಯಲ್ಲಿ ಬೈಕ್ ನಿಲ್ಲಿಸಿ ನನಗೊಂದು ಫೋನ್ ಮಾಡು. ಟ್ರೇನಿನಲ್ಲಿ ಎಷ್ಟೇ ಗದ್ದಲ ಇದ್ದರೂ ಎತ್ತುತ್ತೇನೆ. ಆ ಕೀರ್ತನೆಯ ವಚನವನ್ನು ಇಬ್ಬರೂ ಕೂಡಿ ಹೇಳೋಣ. ಆಮೇಲೆ ಬಾಗಿಲು ತಟ್ಟು.

ನಿನ್ನ ಗೆಳೆಯ